ಪರದೇಶದ ತೋಟದ ಮನೆಯಲ್ಲಿ ನಮ್ಮ ಧಾರೆ: ಮದುವೆ ಚಿತ್ರೀಕರಣ ಕುರಿತು ಓದುಗರ ಪ್ರಶ್ನೆಗಳು

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವ ಪತ್ರಗಳು ಛತ್ರದ ಮಂದ ಬೆಳಕು, ಆಲ್ಬಮ್ಮಿನ ದರ, ಮದುವೆ ಮುಗಿದ ಮೇಲೆ ಕೈಗೆ ಬಾರದ ಬಾಕಿ ಹಣ ಇವುಗಳನ್ನು ಕುರಿತೇ ಇರುತ್ತವೆ. ಈ ತಿಂಗಳು ಮಾತ್ರ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಏಳು ಪತ್ರಗಳು ಒಂದೇ ವಿಷಯವನ್ನು ಎತ್ತಿವೆ: ದಕ್ಷಿಣ ಯುರೋಪಿನ, ಅದರಲ್ಲೂ ಇಟಲಿಯ, ಹಳೆಯ ತೋಟದ ಮನೆಗಳಲ್ಲಿ ನಡೆಯುವ ಮದುವೆಗಳ ಚಿತ್ರೀಕರಣ. 2017ರ ಡಿಸೆಂಬರಿನಲ್ಲಿ ವಿರಾಟ್ ಕೊಹ್ಲಿ ಮತ್ತು ಅನುಷ್ಕಾ ಶರ್ಮಾ ಟಸ್ಕನಿ ಪ್ರಾಂತ್ಯದಲ್ಲಿ, ಮರುವರ್ಷದ ನವೆಂಬರಿನಲ್ಲಿ ದೀಪಿಕಾ ಪಡುಕೋಣೆ ಮತ್ತು ರಣವೀರ್ ಸಿಂಗ್ ಕೋಮೊ ಸರೋವರದ ದಂಡೆಯಲ್ಲಿ ಮದುವೆಯಾದಾಗ ಅದು ಪತ್ರಿಕೆಗಳ ಬಣ್ಣದ ಪುಟದ ಸುದ್ದಿಯಾಗಿತ್ತು. ಈಗ ಅದು ನಮ್ಮ ಬಿ.ಎಚ್. ರಸ್ತೆಯ ಸ್ಟುಡಿಯೊಗಳ ಬಾಗಿಲಿಗೇ ಬಂದು ನಿಂತಿದೆ. ಅಂಥ ಮೂರು ಮದುವೆಗಳಲ್ಲಿ ಕ್ಯಾಮೆರಾ ಹಿಡಿದವನಾಗಿ, ಅಲ್ಲಿ ಮಾಡಿದ ತಪ್ಪುಗಳನ್ನೂ ಮುಚ್ಚಿಡದೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಏಳು ವರ್ಷಗಳಿಂದ ಮದುವೆ ವಿಡಿಯೊ ಮಾಡುತ್ತಿದ್ದೇನೆ. ನಮಗೆ ಪರಿಚಯದ ಕುಟುಂಬವೊಂದರ ಮಗಳ ಮದುವೆ ಜೂನ್ ಮೊದಲ ವಾರದಲ್ಲಿ ಟಸ್ಕನಿಯ ಹಳೆಯ ವಿಲ್ಲಾವೊಂದರಲ್ಲಿ ನಡೆಯಲಿದ್ದು, ಅಲ್ಲಿಯವರನ್ನು ಬಿಟ್ಟು ನನ್ನನ್ನೇ ಕರೆದಿದ್ದಾರೆ. ಛತ್ರಗಳಲ್ಲಿ ಕೆಲಸ ಮಾಡಿ ಗೊತ್ತೇ ಹೊರತು ಇಂಥ ಜಾಗ ಗೊತ್ತಿಲ್ಲ. ಹೇಗೆ ಸಿದ್ಧನಾಗಲಿ?
— ಓದುಗರು, ತುಮಕೂರು

ಉತ್ತರ: ಮೊದಲು ಆ ಮನೆ ಎಂಥದ್ದೆಂದು ತಿಳಿದುಕೊಳ್ಳಿ. ವಿಲ್ಲಾ ಎಂಬ ಮಾತನ್ನು ನಾವು ಹೊಸ ಬಡಾವಣೆಗಳ ಬಿಡಿ ಮನೆಗಳಿಗೆ ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ. ಟಸ್ಕನಿಯಲ್ಲಿ ಅದು ಜಮೀನಿನ ಒಡೆಯನ ಮನೆ. ಸುತ್ತ ದ್ರಾಕ್ಷಿ, ಆಲಿವ್, ಗೋಧಿಯ ನೆಲ, ಅದರ ನಡುವೆ ಅಲ್ಲಲ್ಲಿ ಒಕ್ಕಲುಗಳ ಕಲ್ಲಿನ ಮನೆಗಳು. ಶತಮಾನಗಳ ಕಾಲ ಅಲ್ಲಿ ನಡೆದದ್ದು ಮೆಜ್ಜಾದ್ರಿಯಾ ಎಂಬ ಪದ್ಧತಿ, ಅಂದರೆ ಬೆಳೆಯಲ್ಲಿ ಅರ್ಧ ಒಡೆಯನಿಗೆ, ಅರ್ಧ ಉಳುವವನಿಗೆ. ನಮ್ಮ ಹಿರಿಯರು ವಾರಕ್ಕೆ ಮಾಡುವುದು ಎನ್ನುತ್ತಿದ್ದುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ನಮ್ಮಲ್ಲಿ 1974ರ ಭೂಸುಧಾರಣೆ ಗೇಣಿಯನ್ನು ಮುಗಿಸಿದರೆ, ಅಲ್ಲಿ 1964ರ ಕಾನೂನು ಪಾಲಿನ ಹೊಸ ಕರಾರುಗಳನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಒಕ್ಕಲುಗಳು ಕಾರ್ಖಾನೆಗಳಿದ್ದ ಪಟ್ಟಣಗಳ ದಾರಿ ಹಿಡಿದು ಎಷ್ಟೋ ಮನೆಗಳು ಖಾಲಿಯಾಗಿದ್ದವು. ಕೃಷಿ ಪ್ರವಾಸವನ್ನು ಕುರಿತ 1985ರ ಕಾನೂನು ಬಂದ ಮೇಲೆ ಅಂಥ ಕಟ್ಟಡಗಳು ಒಂದೊಂದಾಗಿ ಅತಿಥಿಗೃಹಗಳಾದವು, ಮುಂದೆ ಮದುವೆ ಮನೆಗಳೂ ಆದವು. ಹಿಂದೆ ಟಸ್ಕನಿಯನ್ನು ಆಳಿದ ಮೆದಿಚಿ ಮನೆತನದ ಹನ್ನೆರಡು ವಿಲ್ಲಾಗಳು ಮತ್ತು ಎರಡು ಉದ್ಯಾನಗಳು 2013ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಿಮ್ಮ ಮದುವೆ ನಡೆಯುವ ಮನೆ ಅಷ್ಟು ದೊಡ್ಡದಲ್ಲದಿದ್ದರೂ ಅದೇ ಜಾತಿಯದು.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಅಲ್ಲಿಗೆ ಹೋದವರಲ್ಲಿ ಬಹುಪಾಲು ಜನ ಸೈಪ್ರೆಸ್ ಮರಗಳ ಸಾಲು, ಮುಂಬಾಗಿಲು, ಕಾರಂಜಿ ಇಷ್ಟನ್ನೇ ತೆಗೆದುಕೊಂಡು ಬರುತ್ತಾರೆ. ಆಲಿವ್ ಗಾಣ, ನೆಲಮಾಳಿಗೆಯ ಮರದ ಪೀಪಾಯಿಗಳು, ಒಕ್ಕಲು ಮನೆಯ ಹೊಗೆ ಹಿಡಿದ ಒಲೆ, ನಿಂಬೆಗಿಡಗಳ ದೊಡ್ಡ ಮಣ್ಣಿನ ಕುಂಡಗಳು ಅವರ ಕಣ್ಣಿಗೆ ಬೀಳುವುದಿಲ್ಲ. ತಿಪಟೂರಿನ ಕೊಬ್ಬರಿ ಅಟ್ಟ ನೋಡಿ ಬೆಳೆದ ಅಜ್ಜಿಯೊಬ್ಬರು ಗಾಣದ ಕಲ್ಲಿನ ಮೇಲೆ ಕೈಯಾಡಿಸುವ ಐದು ಸೆಕೆಂಡಿನ ದೃಶ್ಯ, ವಧೂವರರು ಕಾರಂಜಿಯ ಸುತ್ತ ನಡೆಯುವ ಐದು ನಿಮಿಷಕ್ಕಿಂತ ಹೆಚ್ಚು ಕಾಲ ಆ ಮನೆಯವರ ನೆನಪಿನಲ್ಲಿ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಮದುವೆಗೆ ಎರಡು ದಿನ ಮುಂಚೆ ಅಲ್ಲಿರಬೇಕು. ಇದರಲ್ಲಿ ರಾಜಿ ಬೇಡ. ಮೊದಲ ಸಲ ನಾನು ಛತ್ರಕ್ಕೆ ಹೋದಂತೆ ಹಿಂದಿನ ಸಂಜೆ ಹೋಗಿ, ವಾಡಿಕೆಯಂತೆ ಸಾವಿರ ವಾಟಿನ ಎರಡು ಹ್ಯಾಲೊಜೆನ್ ದೀಪಗಳನ್ನು ಹಚ್ಚಿದೆ. ಇಟಲಿಯಲ್ಲಿ ಮನೆಬಳಕೆಯ ವಿದ್ಯುತ್ ಸಂಪರ್ಕ ಸಾಮಾನ್ಯವಾಗಿ 3 ಕಿಲೊವಾಟಿನದು. ಅದನ್ನು ಮೀರಿದರೆ ಮೀಟರೇ ಕಟ್ಟಾಗುತ್ತದೆ. ನಾವಿದ್ದ ಭಾಗ ಹಳೆಯ ಒಕ್ಕಲು ಮನೆ, ಅದಕ್ಕೆ ಬೇರೆಯೇ ಮೀಟರು, ಅಡುಗೆಯವರ ಓವನ್ ಕೂಡ ಅದರಲ್ಲೇ. ವರಪೂಜೆಯ ಅರ್ಧ ಭಾಗ ನನ್ನ ವಿಡಿಯೊದಲ್ಲಿ ಇಂದಿಗೂ ಕತ್ತಲೆ. ತಪ್ಪು ಪೂರ್ತಿ ನನ್ನದು, ಕೇಳಿದ್ದರೆ ಹೇಳುತ್ತಿದ್ದರು. ಆದ್ದರಿಂದ ಬ್ಯಾಟರಿಯಿಂದಲೂ ನಡೆಯುವ ಎಲ್‌ಇಡಿ ದೀಪಗಳನ್ನೇ ಒಯ್ಯಿರಿ, ಮತ್ತು ಯಾವ ಕೋಣೆ ಯಾವ ಮೀಟರಿಗೆ ಸೇರಿದೆ ಎಂದು ಮನೆಯ ಮೇಲ್ವಿಚಾರಕರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ವಿದ್ಯುತ್ ನಮ್ಮಲ್ಲಿರುವಂತೆಯೇ 230 ವೋಲ್ಟ್, 50 ಹರ್ಟ್ಸ್ ಆದ ಕಾರಣ ಇಲ್ಲಿ ಬಳಸುವ ಸೆಕೆಂಡಿಗೆ 25 ಅಥವಾ 50 ಫ್ರೇಮಿನ ಲೆಕ್ಕವೇ ಅಲ್ಲಿಯೂ ಸಾಕು, ದೀಪಗಳ ಮಿನುಗಾಟದ ತೊಂದರೆ ಹೊಸದಾಗಿ ಬರುವುದಿಲ್ಲ. ಪ್ಲಗ್ಗಿನ ಆಕಾರ ಮಾತ್ರ ಬೇರೆ.

ಇನ್ನು ಬೆಳಕು. ತುಮಕೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿ, ಟಸ್ಕನಿಯ ಮುಖ್ಯ ಪಟ್ಟಣವಾದ ಫ್ಲಾರೆನ್ಸ್ ಸುಮಾರು 44ರಲ್ಲಿ. ನಮ್ಮಲ್ಲಿ ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಸೂರ್ಯ ನೆತ್ತಿಯ ಮೇಲೆಯೇ ಬಂದು ಕಣ್ಣಿನ ಗುಳಿಗಳನ್ನು ಕಪ್ಪಾಗಿಸುತ್ತಾನೆ. ಅಲ್ಲಿ ಜೂನ್ ತಿಂಗಳ ನಡುಹಗಲಿನಲ್ಲೂ ಅವನು ಸುಮಾರು 70 ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮ ಸಂಜೆ ಆರೂ ಮುಕ್ಕಾಲರ ಹೊತ್ತಿಗೆ ಮುಗಿದರೆ ಫ್ಲಾರೆನ್ಸಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹತ್ತಿರ, ಅದೂ ಓರೆಯಾಗಿ ಜಾರುತ್ತ. ಹಾಗಾಗಿ ಹೊಂಬಿಸಿಲು ನಮ್ಮಲ್ಲಿಗಿಂತ ಬಹಳ ಹೊತ್ತು ನಿಲ್ಲುತ್ತದೆ, ಮುಳುಗಿದ ಮೇಲೂ ಅರ್ಧ ಗಂಟೆಗೆ ಮಿಕ್ಕಿ ಕೆಲಸಕ್ಕೆ ಬರುವ ಬೆಳಕಿರುತ್ತದೆ. ಇಲ್ಲಿ ದೇವರಾಯನದುರ್ಗದ ಮೇಲೆ ಹದಿನೈದು ನಿಮಿಷದಲ್ಲಿ ಓಡಾಡಿ ಮುಗಿಸುವ ಕೆಲಸವನ್ನು ಅಲ್ಲಿ ನಿಧಾನವಾಗಿ ಮಾಡಬಹುದು. ಅದರ ಇನ್ನೊಂದು ಮುಖವೂ ಇದೆ: ಆರತಕ್ಷತೆ ಏಳು ಗಂಟೆಗೆ ಎಂದರೆ ಅದು ಬಿಸಿಲಿನಲ್ಲಿ ನಡೆಯುವ ಆರತಕ್ಷತೆ, ಬಣ್ಣದ ದೀಪಗಳ ಸರ ಒಂಬತ್ತು ಗಂಟೆ ದಾಟುವವರೆಗೆ ಸರಿಯಾಗಿ ಕಾಣಿಸುವುದೇ ಇಲ್ಲ. ದೀಪಾಲಂಕಾರಕ್ಕೆ ದುಡ್ಡು ಸುರಿದ ಹುಡುಗಿಯ ತಂದೆಗೆ ಇದನ್ನು ಮೊದಲೇ ಹೇಳಿಬಿಡಿ.

ಮನೆಯಲ್ಲಿ ಲಿಮೊನಾಯಾ ಇದೆಯೇ ಎಂದು ವಿಚಾರಿಸಿ. ಚಳಿಗಾಲದಲ್ಲಿ ನಿಂಬೆ, ಕಿತ್ತಳೆಯ ಕುಂಡಗಳನ್ನು ಒಳಗಿಡಲು ಕಟ್ಟಿದ ಉದ್ದನೆಯ ಹಜಾರ ಅದು. ಬಿಸಿಲು ಬೀಳುವ ದಿಕ್ಕಿಗೆ ದೊಡ್ಡ ದೊಡ್ಡ ಕಿಟಕಿಗಳು. ಬೇಸಿಗೆಯಲ್ಲಿ ಕುಂಡಗಳು ಅಂಗಳಕ್ಕೆ ಹೋಗುವುದರಿಂದ ಹಜಾರ ಖಾಲಿ. ತೆಳು ಬಿಳಿ ಬಟ್ಟೆಯೊಂದನ್ನು ಕಿಟಕಿಗೆ ಇಳಿಬಿಟ್ಟರೆ ಮದುಮಗಳ ಮುಖಕ್ಕೆ ಅದಕ್ಕಿಂತ ಒಳ್ಳೆಯ ಬೆಳಕು ಆ ಮನೆಯಲ್ಲಿ ಬೇರೆಲ್ಲಿಯೂ ಸಿಗದು. ಮಳೆ ಬಂದರೆ ಧಾರೆಯನ್ನೂ ಅಲ್ಲಿಯೇ ನಡೆಸಬಹುದು.

ಗೋಡೆಯ ಮೇಲೆ ಹಳೆಯ ಭಿತ್ತಿಚಿತ್ರಗಳಿದ್ದರೆ ದೀಪದ ಕಂಬವನ್ನು ಗೋಡೆಗೆ ತಾಗಿಸಬಾರದು, ಟೇಪ್ ಅಂಟಿಸಬಾರದು, ಟ್ರೈಪಾಡಿನ ಕಾಲುಗಳಿಗೆ ರಬ್ಬರ್ ಬಿರಡೆ ಹಾಕಬೇಕು. ಅಲ್ಲಿ ಹಾನಿಗೆ ಮುಂಗಡ ಠೇವಣಿ ಇಡಿಸಿಕೊಳ್ಳುವುದು ವಾಡಿಕೆ, ಕೆಲವು ಮನೆಗಳವರು ಛಾಯಾಗ್ರಾಹಕರಿಂದಲೂ ವಿಮೆಯ ಪತ್ರ ಕೇಳುತ್ತಾರೆ.

ವೀಸಾ ವಿಷಯದಲ್ಲಿ ಒಂದು ಎಚ್ಚರ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ 180 ದಿನಗಳಲ್ಲಿ 90 ದಿನಗಳ ವಾಸಕ್ಕೆ ಅವಕಾಶ ಕೊಡುತ್ತದೆ. ಸಂಭಾವನೆಗೆ ಕೆಲಸ ಮಾಡುವ ಅನುಮತಿಯನ್ನು ಆಯಾ ದೇಶವೇ ನಿರ್ಧರಿಸುತ್ತದೆ. ಸುಮ್ಮನೆ ಮದುವೆಯ ಅತಿಥಿ ಎಂದು ಬರೆದು ನಾಲ್ಕು ಕ್ಯಾಮೆರಾಗಳೊಂದಿಗೆ ಇಳಿಯಬೇಡಿ. ಉದ್ದೇಶವನ್ನು ಇದ್ದಂತೆ ಬರೆದು, ಕುಟುಂಬದ ಕರೆಪತ್ರ ಮತ್ತು ಕರಾರಿನ ಪ್ರತಿ ಲಗತ್ತಿಸಿ, ಯಾವ ಬಗೆಯ ಅರ್ಜಿ ಬೇಕೆಂದು ದೂತಾವಾಸದಿಂದ ಲಿಖಿತವಾಗಿ ಕೇಳಿಕೊಳ್ಳಿ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಸಲ್ಲಿಸಬಹುದು. 30,000 ಯೂರೊಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. 2024ರ ಜೂನ್‌ನಿಂದ ಶುಲ್ಕ 90 ಯೂರೊ.

ಪ್ರಶ್ನೆ: ನಮ್ಮ ಮಗಳ ಮದುವೆಯನ್ನು ಇಟಲಿಯಲ್ಲಿ ಮಾಡಬೇಕೆಂದು ಬೀಗರ ಆಸೆ. ಆ ಮನೆಯವರು ಒಳಗೆ ಹೋಮ ಬೇಡ, ನೆಲಕ್ಕೆ ಅರಿಶಿನ ಬೀಳಬಾರದು ಎನ್ನುತ್ತಿದ್ದಾರಂತೆ. ಶಾಸ್ತ್ರವಿಲ್ಲದೆ ವಿಡಿಯೊಗಾಗಿ ಮದುವೆ ಮಾಡಿದಂತಾಗುವುದಿಲ್ಲವೇ?
— ಗೃಹಿಣಿಯೊಬ್ಬರು, ಕೋಲಾರ

ಉತ್ತರ: ತಾಯಿ, ನಿಮ್ಮ ಆತಂಕ ನ್ಯಾಯವಾದದ್ದೇ. ಆದರೆ ಮನೆಯವರ ಮಾತಿನಲ್ಲಿಯೂ ಹುರುಳಿದೆ. ಆ ನೆಲ ಹೆಚ್ಚಾಗಿ ಸುಟ್ಟ ಮಣ್ಣಿನ ಬಿಲ್ಲೆ ಅಥವಾ ಸುಣ್ಣದ ಕಲ್ಲು. ಎರಡೂ ಬಣ್ಣ ಹೀರುತ್ತವೆ. ಚಾವಣಿಗೆ ನೂರಾರು ವರ್ಷಗಳ ಮರದ ತೊಲೆಗಳಿರುತ್ತವೆ. ನಮ್ಮ ಕೋಲಾರದ ಸೋಮೇಶ್ವರ ದೇವಾಲಯದ ಕಲ್ಯಾಣ ಮಂಟಪದ ಕಂಬಗಳಿಗೆ ಯಾರಾದರೂ ಎಣ್ಣೆ ಕೈ ಒರೆಸಿದರೆ ನಮಗೆ ಹೇಗಾಗುತ್ತದೆಯೋ ಅವರಿಗೂ ಹಾಗೆಯೇ. ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಜಮಖಾನೆ ಹಾಸಿ ಅರಿಶಿನ ಶಾಸ್ತ್ರವನ್ನು ಅಂಗಳದಲ್ಲಿ ಮಾಡುತ್ತೇವೆಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಹೋಮವನ್ನೂ ಹೊರಗೆ, ಇಟ್ಟಿಗೆ ಮತ್ತು ಮರಳಿನ ಮೇಲೆ ಲೋಹದ ಕುಂಡವಿಟ್ಟು, ಬೆಂಕಿ ಆರಿಸುವ ಸಿಲಿಂಡರನ್ನು ಪಕ್ಕದಲ್ಲಿಟ್ಟು ಮಾಡಬಹುದು. ಬೇಸಿಗೆಯ ಒಣ ತಿಂಗಳುಗಳಲ್ಲಿ ಕಾಳ್ಗಿಚ್ಚಿನ ಭಯದಿಂದ ಅಲ್ಲಿನ ಪ್ರಾದೇಶಿಕ ಸರ್ಕಾರಗಳು ಬಯಲಿನಲ್ಲಿ ಬೆಂಕಿ ಹಚ್ಚುವುದನ್ನು ನಿರ್ಬಂಧಿಸುವುದುಂಟು. ಆದ್ದರಿಂದ ದಿನಾಂಕ ಗೊತ್ತುಮಾಡುವ ಮೊದಲೇ ಈ ಮಾತು ಕಾಗದದ ಮೇಲೆ ಬರಬೇಕು.

ಮುಹೂರ್ತದ ವಿಷಯದಲ್ಲಿ ಅನೇಕರು ಎಡವುತ್ತಾರೆ. ಬೇಸಿಗೆಯಲ್ಲಿ ಇಟಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿಯ ಪಂಚಾಂಗದ ಮುಹೂರ್ತದಿಂದ ಮೂರೂವರೆ ಗಂಟೆ ಕಳೆದರೆ ಅಲ್ಲಿಯ ಮುಹೂರ್ತ ಸಿಗುವುದಿಲ್ಲ. ಸೂರ್ಯೋದಯ, ಲಗ್ನ ಎರಡನ್ನೂ ಆ ಸ್ಥಳಕ್ಕೆ ಹೊಸದಾಗಿ ಗಣಿಸಬೇಕು. ಜೂನ್ ತಿಂಗಳಲ್ಲಿ ಟಸ್ಕನಿಯ ಹಗಲು ಹದಿನೈದು ಗಂಟೆಗೂ ಮಿಕ್ಕಿರುವುದರಿಂದ ಅದರ ಎಂಟನೇ ಒಂದು ಭಾಗವಾದ ರಾಹುಕಾಲವೂ ಒಂದೂವರೆ ಗಂಟೆಯ ಬದಲು ಸುಮಾರು ಎರಡು ಗಂಟೆಯಾಗುತ್ತದೆ. ಪುರೋಹಿತರಿಗೆ ಊರಿನ ಅಕ್ಷಾಂಶ, ರೇಖಾಂಶ ಕೊಡಿ, ಅವರು ಮಾಡಿಕೊಡುತ್ತಾರೆ. ಆಮೇಲೆ ಆ ವೇಳೆಯನ್ನು ವಿಡಿಯೊದವರಿಗೆ ತಿಳಿಸಿ. ಅವರ ಅರ್ಧ ಯೋಜನೆ ನಿಂತಿರುವುದು ಅದರ ಮೇಲೆ. ಯುರೋಪಿನ ಸುಗ್ಗಿಯಾದ ಜೂನ್ ಕೊನೆ ಮತ್ತು ಜುಲೈ ನಮಗೆ ಹೆಚ್ಚಾಗಿ ಆಷಾಢ, ಸೆಪ್ಟೆಂಬರಿನಲ್ಲಿ ಪಿತೃಪಕ್ಷ ಎದುರಾಗುತ್ತದೆ. ಹೀಗಾಗಿ ಮೇ ಮತ್ತು ಜೂನ್ ಮೊದಲ ಭಾಗಕ್ಕೆ ನಮ್ಮವರ ನೂಕುನುಗ್ಗಲು.

ಸಾಮಾನುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2019ರ ಡಿಸೆಂಬರಿನಿಂದ ಯುರೋಪಿಗೆ ತಾಜಾ ಹಣ್ಣು, ತರಕಾರಿ, ಹೂವು, ಎಲೆಗಳನ್ನು ಒಯ್ಯಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಐದು ಹಣ್ಣುಗಳಿಗೆ ಮಾತ್ರ, ಅವುಗಳಲ್ಲಿ ತೆಂಗಿನಕಾಯಿ ಮತ್ತು ಬಾಳೆಹಣ್ಣು ಸೇರಿರುವುದು ನಮ್ಮ ಪುಣ್ಯ. ಮಾವಿನೆಲೆ, ಮಲ್ಲಿಗೆ ದಂಡೆಗಳನ್ನು ಪೆಟ್ಟಿಗೆಯಲ್ಲಿ ಅಡಗಿಸಿ ಒಯ್ಯಬೇಡಿ. ಹಾಲಿನ ಪದಾರ್ಥಗಳಿಗೆ ನಿಷೇಧವಿರುವುದರಿಂದ ಹೋಮದ ತುಪ್ಪವನ್ನೂ ಅಲ್ಲಿಯೇ ಕೊಳ್ಳಬೇಕು. ನಾನು ನೋಡಿದ ಒಂದು ಮದುವೆಯಲ್ಲಿ ಪುರೋಹಿತರು ಮಾವಿನೆಲೆ ಸಿಗದೆ ಆಲಿವ್ ಎಲೆಯ ತೋರಣ ಕಟ್ಟಿಸಿದರು; ಬೆಳ್ಳಿ ಬಣ್ಣದ ಆ ಎಲೆಗಳ ಹಿಂದಿನಿಂದ ಬಿಸಿಲು ಬಿದ್ದಾಗ ಕ್ಯಾಮೆರಾದಲ್ಲಿ ಬಂದ ಚೆಲುವು ಯಾವ ಅಲಂಕಾರದವರಿಂದಲೂ ಬರುವಂಥದ್ದಲ್ಲ. ಆದರೆ ಕೊಂಬೆಯನ್ನು ತೋಟದವರನ್ನು ಕೇಳಿಯೇ ಮುರಿಯಬೇಕು. ದಕ್ಷಿಣದ ಪುಲ್ಯಾ ಪ್ರಾಂತ್ಯದಲ್ಲಿ 2013ರಲ್ಲಿ ಕಾಣಿಸಿಕೊಂಡ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಲಕ್ಷಾಂತರ ಆಲಿವ್ ಮರಗಳನ್ನು ಒಣಗಿಸಿದೆ, ಅಲ್ಲಿಯ ರೈತರಿಗೆ ಮರ ಎಂದರೆ ಈಗ ಜೀವ.

ಪ್ರಶ್ನೆ: ನನ್ನ ಬಳಿ ಡ್ರೋನ್ ಇದೆ, ಇಲ್ಲಿಯ ಪೈಲಟ್ ಪ್ರಮಾಣಪತ್ರವೂ ಇದೆ. ಇಟಲಿಯ ಮದುವೆಯಲ್ಲಿ ಹಾರಿಸಬಹುದೇ?
— ಓದುಗರು, ಶಿಡ್ಲಘಟ್ಟ

ಉತ್ತರ: ನಮ್ಮ ಪ್ರಮಾಣಪತ್ರಕ್ಕೆ ಅಲ್ಲಿ ಮಾನ್ಯತೆ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ 2020ರ ಡಿಸೆಂಬರ್ 31ರಿಂದ ಒಂದೇ ನಿಯಮಾವಳಿ ಜಾರಿಯಲ್ಲಿದೆ. ಕ್ಯಾಮೆರಾ ಇರುವ ಡ್ರೋನ್ 250 ಗ್ರಾಂಗಿಂತ ಹಗುರವಾಗಿದ್ದರೂ ಅದನ್ನು ಹಾರಿಸುವವರು ನೋಂದಾಯಿಸಿಕೊಳ್ಳಬೇಕು. ಹೊರಗಿನಿಂದ ಬಂದವರು ತಾವು ಮೊದಲು ಹಾರಿಸುವ ದೇಶದಲ್ಲಿ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಡ್ರೋನಿನ ಮೇಲೆ ಅಂಟಿಸಬೇಕು. 250 ಗ್ರಾಂ ಮತ್ತು ಅದಕ್ಕೆ ಮೇಲ್ಪಟ್ಟದ್ದಾದರೆ ಆನ್‌ಲೈನ್ ಪರೀಕ್ಷೆಯೂ ಇದೆ. ಎತ್ತರದ ಮಿತಿ 120 ಮೀಟರ್, ಡ್ರೋನ್ ಸದಾ ಕಣ್ಣಳತೆಯಲ್ಲಿರಬೇಕು. ಇಟಲಿಯಲ್ಲಿ ವಿಮೆ ಕಡ್ಡಾಯ, ಯಾವ ಜಾಗದಲ್ಲಿ ಹಾರಿಸಬಹುದೆಂಬ ನಕ್ಷೆ ಡಿ-ಫ್ಲೈಟ್ ಎಂಬ ತಾಣದಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಶೇಷ ಅನುಮತಿ ಬೇಡದ ಸಾಮಾನ್ಯ ವರ್ಗದ ಹಾರಾಟದಲ್ಲಿ ಗುಂಪುಗೂಡಿದ ಜನರ ಮೇಲೆ ಹಾರಿಸುವಂತೆಯೇ ಇಲ್ಲ. ಅಂದರೆ ಧಾರೆಯ ಹೊತ್ತಿಗೆ ಚಪ್ಪರದ ಮೇಲಿಂದ ಅಕ್ಷತೆ ಬೀಳುವ ದೃಶ್ಯ ಎಂದು ನೀವು ಕನಸು ಕಾಣುತ್ತಿದ್ದರೆ ಅದನ್ನು ಈಗಲೇ ಬಿಡಿ.

ಹಿಂದಿರುಗುವಾಗ ಇನ್ನೊಂದು ತೊಡಕು. 2022ರ ಫೆಬ್ರವರಿಯಿಂದ ಸಿದ್ಧ ಡ್ರೋನುಗಳನ್ನು ಭಾರತಕ್ಕೆ ಆಮದು ಮಾಡಿಕೊಳ್ಳುವುದಕ್ಕೆ ನಿಷೇಧವಿದೆ; ಇಲ್ಲಿಂದಲೇ ಒಯ್ದದ್ದೆಂಬ ಪುರಾವೆ ಇಲ್ಲದಿದ್ದರೆ ದೇವನಹಳ್ಳಿಯಲ್ಲಿಯೇ ಅದನ್ನು ಬಿಟ್ಟು ಶಿಡ್ಲಘಟ್ಟದ ಬಸ್ಸು ಹತ್ತಬೇಕಾದೀತು. ನನ್ನ ಸಲಹೆ ಕೇಳುವುದಾದರೆ ಡ್ರೋನ್ ಮನೆಯಲ್ಲೇ ಇರಲಿ. ಅಲ್ಲಿಯದೇ ಪರವಾನಗಿಯುಳ್ಳ ಒಬ್ಬರನ್ನು ಎರಡು ಗಂಟೆಗೆ ಗೊತ್ತುಮಾಡಿ, ಜನ ಸೇರುವ ಮೊದಲು ಬೆಳಗಿನ ಆರು ಗಂಟೆಯ ಬಿಸಿಲಿನಲ್ಲಿ ತೋಟ, ಛಾವಣಿ, ದಾರಿ ಇಷ್ಟನ್ನು ತೆಗೆಸಿಕೊಳ್ಳಿ.

ಪ್ರಶ್ನೆ: ನಾನು ನಾಗಸ್ವರ ನುಡಿಸುವವನು. ಹೋದ ವರ್ಷ ನಮ್ಮ ತಂಡವನ್ನು ಪೋರ್ಚುಗಲ್ ದೇಶದ ಮದುವೆಯೊಂದಕ್ಕೆ ಕರೆದೊಯ್ದಿದ್ದರು. ವಿಡಿಯೊದಲ್ಲಿ ನಮ್ಮ ವಾಲಗ ತಗಡು ಬಡಿದಂತೆ ಕೇಳಿಸುತ್ತಿದೆ. ತಪ್ಪು ನಮ್ಮದೋ ಅವರದೋ?
— ಕಲಾವಿದರು, ಗುಬ್ಬಿ ತಾಲ್ಲೂಕು

ಉತ್ತರ: ನಿಮ್ಮದಂತೂ ಅಲ್ಲ. ಪೋರ್ಚುಗಲ್ ದೇಶದಲ್ಲಿ ಕ್ವಿಂಟಾ ಎಂದು ಕರೆಯುವ ಆ ಹಳೆಯ ತೋಟದ ಮನೆಗಳ ಒಳಾಂಗಣಕ್ಕೆ ಕಲ್ಲಿನ ಗೋಡೆ, ಎತ್ತರದ ಚಾವಣಿ, ಅನೇಕ ಕಡೆ ನೀಲಿ ಬಿಳಿ ಬಣ್ಣದ ಹೆಂಚಿನ ಹೊದಿಕೆ. ಅಂಥಲ್ಲಿ ಶಬ್ದ ಹೀರುವ ವಸ್ತುವೇ ಇಲ್ಲದೆ ಪ್ರತಿಯೊಂದು ಸ್ವರವೂ ನಾಲ್ಕಾರು ಸಲ ತಿರುಗಿ ಬರುತ್ತದೆ. ನಾಗಸ್ವರ ಬಯಲಿಗಾಗಿ, ದೇವರ ಉತ್ಸವದ ಬೀದಿಗಾಗಿ ಹುಟ್ಟಿದ ವಾದ್ಯ. ಕ್ಯಾಮೆರಾದ ಮೈಕಿನ ಮಟ್ಟವನ್ನು ಸ್ವಯಂಚಾಲಿತವಾಗಿಯೇ ಇರಗೊಟ್ಟು ಚಿತ್ರೀಕರಿಸಿದವರು ಮಂತ್ರದ ಮೆಲುದನಿಗೆ ಮಟ್ಟ ಏರಿಸಿಕೊಂಡ ಮೈಕಿಗೆ ಗಟ್ಟಿಮೇಳ ಬಂದು ಅಪ್ಪಳಿಸುವಂತೆ ಮಾಡುತ್ತಾರೆ. ತಗಡಿನ ಸದ್ದು ಅಲ್ಲಿಂದ ಬಂದದ್ದು.

ಮುಂದಿನ ಸಲ ವಿಡಿಯೊದವರಿಗೆ ನೀವೇ ಎರಡು ಮಾತು ಹೇಳಿ. ಧ್ವನಿಗೆ ಪ್ರತ್ಯೇಕ ರೆಕಾರ್ಡರ್ ಇರಲಿ, ಸಾಧ್ಯವಾದರೆ 32 ಬಿಟ್ ಫ್ಲೋಟ್ ಬಗೆಯದು. ಅದರಲ್ಲಿ ಮಂತ್ರದ ಪಿಸುಮಾತನ್ನೂ ಡೋಲಿನ ಪೆಟ್ಟನ್ನೂ ಒಂದೇ ಸಲ ಹಿಡಿದು ಆಮೇಲೆ ಸರಿದೂಗಿಸಬಹುದು. ವಾದ್ಯದ ಬಾಯಿಗೆ ನೇರವಾಗಿ ಅಲ್ಲದೆ ಆರೇಳು ಅಡಿ ದೂರದಲ್ಲಿ, ತುಸು ಪಕ್ಕಕ್ಕೆ ಒಂದು ಮೈಕ್. ಪುರೋಹಿತರ ಶಲ್ಯಕ್ಕೆ ಇನ್ನೊಂದು. ನಿಮ್ಮನ್ನು ಒಳಗೆ ಮೂಲೆಯಲ್ಲಿ ಕೂರಿಸಿದರೆ ಒಪ್ಪದೆ ಬಾಗಿಲಾಚೆಯ ಕಮಾನಿನ ಕೆಳಗೆ ಜಾಗ ಕೇಳಿ. ಬಯಲಿನಲ್ಲಿ ಗಾಳಿಯ ಕಾಟವಿರುತ್ತದೆ, ಫ್ರಾನ್ಸಿನ ದಕ್ಷಿಣದಲ್ಲಂತೂ ಮಿಸ್ತ್ರಾಲ್ ಎಂಬ ಬಡಗಣ ಗಾಳಿ ದಿನಗಟ್ಟಲೆ ಬೀಸುವುದುಂಟು. ಮೈಕಿಗೆ ತುಪ್ಪಳದ ಕವಚ ಹಾಕಲೇಬೇಕು. ರಾತ್ರಿ ಹೊರಗಿನ ಸಂಗೀತಕ್ಕೆ ಅಲ್ಲಿನ ಸ್ಥಳೀಯ ಆಡಳಿತಗಳು ವೇಳೆಯ ಮಿತಿ ಹಾಕಿರುತ್ತವೆ, ಆದರೆ ಬೆಳಗಿನ ಧಾರೆಗೆ ಅದರಿಂದ ತೊಂದರೆಯಾದದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ಕ್ಯಾಮೆರಾ, ಬ್ಯಾಟರಿಗಳನ್ನು ವಿಮಾನದಲ್ಲಿ ಹೇಗೆ ಒಯ್ಯಬೇಕು? ಎಷ್ಟು ಮೆಮೊರಿ ಕಾರ್ಡ್ ಬೇಕು?
— ಓದುಗರು, ಚಿಂತಾಮಣಿ

ಉತ್ತರ: ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿಯೇ ಇರಬೇಕು, ಒಪ್ಪಿಸುವ ಸಾಮಾನಿನಲ್ಲಿ ಇಡಕೂಡದು. 100 ವಾಟ್-ಅವರ್‌ವರೆಗಿನವಕ್ಕೆ ಸಾಮಾನ್ಯವಾಗಿ ತಡೆಯಿಲ್ಲ. 100ರಿಂದ 160ರವರೆಗಿನವನ್ನು ವಿಮಾನ ಸಂಸ್ಥೆಯ ಒಪ್ಪಿಗೆ ಪಡೆದು ಎರಡರ ಮಿತಿಯಲ್ಲಿ ಒಯ್ಯಬಹುದು. ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಉಪಕರಣಗಳ ಕ್ರಮಸಂಖ್ಯೆ ಬರೆಸಿ ರಫ್ತು ಪ್ರಮಾಣಪತ್ರ ಪಡೆದುಕೊಂಡರೆ ವಾಪಸು ಬರುವಾಗ ಸುಂಕದ ಮಾತು ಬರುವುದಿಲ್ಲ. ಸಾಮಾನು ಹೆಚ್ಚಿದ್ದರೆ ಉದ್ಯಮಿಗಳ ಒಕ್ಕೂಟವಾದ ಫಿಕ್ಕಿ ಸಂಸ್ಥೆ ಕೊಡುವ ಎಟಿಎ ಕಾರ್ನೆಟ್ ಮಾಡಿಸಿ. ಒಂದು ವರ್ಷ ಚಾಲ್ತಿಯಲ್ಲಿರುವ ಆ ದಾಖಲೆ ಎರಡೂ ಕಡೆಯ ಕಸ್ಟಮ್ಸಿಗೆ ನಡೆಯುತ್ತದೆ.

ಕಾರ್ಡಿನ ಲೆಕ್ಕ ಸುಲಭ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಗಂಟೆಗೆ 45 ಜಿಬಿ. ಮೂರು ಕ್ಯಾಮೆರಾ ಎಂಟು ಗಂಟೆ ಓಡಿದರೆ 1,080 ಜಿಬಿ, ಅದರ ಎರಡು ಪ್ರತಿ ಆ ರಾತ್ರಿಯೇ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಆಗಬೇಕು, ಮತ್ತು ಆ ಎರಡು ಡಿಸ್ಕುಗಳು ಇಬ್ಬರ ಚೀಲಗಳಲ್ಲಿ ಬರಬೇಕು. ಕಾರ್ಡುಗಳನ್ನು ಊರು ತಲುಪುವವರೆಗೆ ಅಳಿಸಬೇಡಿ.

ಪ್ರಶ್ನೆ: ನಮ್ಮ ಮದುವೆಯ ವಿಡಿಯೊವನ್ನು ಚಿತ್ರೀಕರಿಸಿದವರು ನಮ್ಮನ್ನು ಕೇಳದೆ ತಮ್ಮ ಪ್ರಚಾರಕ್ಕೆ ಹಾಕಿಕೊಂಡಿದ್ದಾರೆ. ಅದರ ಹಕ್ಕು ಯಾರದು? ಅಂಥದ್ದೊಂದು ಪರದೇಶದ ಮನೆಯಲ್ಲಿ ನಡೆದ ಮದುವೆಯಾದರೆ ಬೇರೆ ನಿಯಮವೇ?
— ಓದುಗರು, ಬಂಗಾರಪೇಟೆ

ಉತ್ತರ: 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಒಬ್ಬರು ಮಾಡಿಸಿದ ಫೋಟೊ ಅಥವಾ ಚಲನಚಿತ್ರದ ಮೊದಲ ಹಕ್ಕುದಾರರು ಮಾಡಿಸಿದವರೇ, ಇದಕ್ಕೆ ವಿರುದ್ಧವಾದ ಕರಾರು ಇದ್ದರೆ ಮಾತ್ರ ಬೇರೆ. ನನ್ನ ವೃತ್ತಿಯವರಲ್ಲಿ ಎಷ್ಟೋ ಜನ ತಾವು ತೆಗೆದದ್ದು ತಮ್ಮದೇ ಎಂದು ನಂಬಿಕೊಂಡಿದ್ದಾರೆ, ಹೇಳಿದರೆ ಸಿಟ್ಟಾಗುತ್ತಾರೆ. ನೀವು ಸಹಿ ಹಾಕಿದ ರಸೀತಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಮೊದಲು ಓದಿ. ಅಲ್ಲಿ ಏನೂ ಬರೆದಿರದಿದ್ದರೆ ತೆಗೆದುಹಾಕುವಂತೆ ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆ.

ಯುರೋಪಿನಲ್ಲಿ ಇದರ ಮೇಲೆ ಇನ್ನೆರಡು ಪದರಗಳಿವೆ. 2018ರ ಮೇ 25ರಿಂದ ಜಾರಿಗೆ ಬಂದ ಅಲ್ಲಿಯ ವೈಯಕ್ತಿಕ ದತ್ತಾಂಶ ನಿಯಮ ಮನೆಮಂದಿ ತಮಗಾಗಿ ಇಟ್ಟುಕೊಳ್ಳುವ ವಿಡಿಯೊಗೆ ಅನ್ವಯಿಸುವುದಿಲ್ಲ. ಅದೇ ವಿಡಿಯೊವನ್ನು ಸ್ಟುಡಿಯೊ ತನ್ನ ವ್ಯಾಪಾರಕ್ಕೆ ಬಳಸಿದರೆ ಅದರಲ್ಲಿ ಮುಖ ಕಾಣುವ ಅತಿಥಿಗಳ ಒಪ್ಪಿಗೆಯ ಪ್ರಶ್ನೆ ಏಳುತ್ತದೆ. ಎರಡನೆಯದು ಮನೆಯ ಒಡೆಯರ ಕರಾರು. ಮನೆಯ ಹೆಸರು, ಒಳಾಂಗಣದ ದೃಶ್ಯಗಳನ್ನು ಪ್ರಚಾರಕ್ಕೆ ಬಳಸುವ ಮೊದಲು ಅವರ ಒಪ್ಪಿಗೆ ಬೇಕೆಂಬ ಷರತ್ತು ಅದರಲ್ಲಿ ಇರಬಹುದು.

ಹಾಡುಗಳ ಬಗ್ಗೆಯೂ ಒಂದು ಮಾತು. ಮದುವೆಯ ಶಾಸ್ತ್ರ, ಮೆರವಣಿಗೆಗಳಲ್ಲಿ ಹಾಡು ನುಡಿಸುವುದಕ್ಕೆ ನಮ್ಮ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಡುತ್ತದೆ. ಅದು ಇಲ್ಲಿಯ ಕಾನೂನು. ಇಟಲಿಯಲ್ಲಿ ಮದುವೆಯ ಔತಣಕ್ಕೆ ಸಂಗೀತ ಹಾಕಿದರೂ ಎಸ್‌ಐಎಇ ಎಂಬ ಹಕ್ಕುದಾರರ ಸಂಸ್ಥೆಗೆ ಶುಲ್ಕ ಕಟ್ಟಬೇಕು, ಇಲ್ಲಿಯಾಗಲಿ ಅಲ್ಲಿಯಾಗಲಿ ಸಿನಿಮಾ ಹಾಡು ಕೂಡಿಸಿದ ವಿಡಿಯೊವನ್ನು ಯೂಟ್ಯೂಬಿಗೆ ಏರಿಸುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ.

ಪ್ರಶ್ನೆ: ಛತ್ರಗಳಲ್ಲಿ ಪುರೋಹಿತರು ಹಗಲು ಹೊತ್ತಿನಲ್ಲಿ ಚಾವಣಿ ತೋರಿಸಿ ಅರುಂಧತಿ ಕಾಣಿಸಿತೇ ಎನ್ನುತ್ತಾರೆ, ದಂಪತಿ ಕಾಣಿಸಿತು ಎನ್ನುತ್ತಾರೆ. ನಿಜವಾದ ನಕ್ಷತ್ರವನ್ನು ವಿಡಿಯೊದಲ್ಲಿ ತೋರಿಸಲು ಸಾಧ್ಯವೇ?
— ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ರೇಡಿಯೊ ದೂರದರ್ಶಕವಿರುವ ಊರಿನಿಂದ ಈ ಪ್ರಶ್ನೆ ಬಂದದ್ದು ಸಂತೋಷ. ಟಸ್ಕನಿಯಂಥ ಜಾಗದಲ್ಲಿ ಇದು ನಮ್ಮಲ್ಲಿಗಿಂತ ಸುಲಭ. ನಮ್ಮ ಅಕ್ಷಾಂಶದಲ್ಲಿ ಸಪ್ತರ್ಷಿ ಮಂಡಲ ಹುಟ್ಟಿ ಮುಳುಗುತ್ತದೆ, ನೆತ್ತಿಯ ಹತ್ತಿರ ಎಂದೂ ಬರುವುದಿಲ್ಲ. ಅಲ್ಲಿ ಆ ಮಂಡಲದ ವಸಿಷ್ಠ, ಅರುಂಧತಿ ನಕ್ಷತ್ರಗಳು ವರ್ಷದ ಯಾವ ರಾತ್ರಿಯೂ ಮುಳುಗುವುದೇ ಇಲ್ಲ, ಜೂನ್ ಮೊದಲ ವಾರದ ರಾತ್ರಿ ಹತ್ತೂವರೆಯ ಹೊತ್ತಿಗಂತೂ ಹೆಚ್ಚುಕಡಿಮೆ ನೆತ್ತಿಯ ಮೇಲೆ, ತುಸು ಉತ್ತರಕ್ಕೆ ಇರುತ್ತವೆ. ಎರಡರ ನಡುವಿನ ಅಂತರ ಹುಣ್ಣಿಮೆಯ ಚಂದ್ರನ ಅಗಲದ ಅರ್ಧಕ್ಕಿಂತ ಕಡಿಮೆ. ಬರಿಗಣ್ಣಿಗೆ ಕಾಣುತ್ತದೆ, ವಸಿಷ್ಠ ಪ್ರಖರ, ಅರುಂಧತಿ ಮಂಕು.

ಊಟ ಮುಗಿದ ಮೇಲೆ ಅಂಗಳದ ದೀಪಗಳನ್ನು ಐದು ನಿಮಿಷ ಆರಿಸುವಂತೆ ಮೇಲ್ವಿಚಾರಕರನ್ನು ಮೊದಲೇ ಕೇಳಿಕೊಳ್ಳಬೇಕು. ದಂಪತಿಯ ಮುಖಕ್ಕೆ ಒಂದು ಹಣತೆ ಸಾಕು, ಅದನ್ನು ಒಂದು ಕ್ಯಾಮೆರಾ ನೋಡಿಕೊಳ್ಳಲಿ. ಇನ್ನೊಂದನ್ನು ಟ್ರೈಪಾಡಿನ ಮೇಲೆ ಆಕಾಶಕ್ಕೆ ತಿರುಗಿಸಿ, 85 ಮಿಲಿಮೀಟರ್ ಮಸೂರದ ದ್ವಾರವನ್ನು ಎಫ್ 2ಕ್ಕೆ ತೆರೆದು, ಷಟರ್ ಇಪ್ಪತ್ತೈದನೇ ಒಂದು ಸೆಕೆಂಡ್, ಐಎಸ್‌ಒ 12,800ರ ಸುತ್ತ ಇಟ್ಟು, ಫೋಕಸನ್ನು ಕೈಯಿಂದಲೇ ವಸಿಷ್ಠನ ಮೇಲೆ ಕೂರಿಸಿ. ಪರದೆಯ ಮೇಲೆ ದೊಡ್ಡ ಚುಕ್ಕೆಯ ಪಕ್ಕದಲ್ಲಿ ಸಣ್ಣದೊಂದು ಚುಕ್ಕೆ ಕಾಣಿಸಿದ ಮೇಲೆ ಪುರೋಹಿತರನ್ನು ಕರೆಯಿರಿ.